ಅಪ್‌ಡೇಟ್: ದುಬೈನಲ್ಲಿ ಟೀಚರ್ ಕೆಲಸ ಸಿಕ್ಕಿತು!

ಜುಲೈ ಮುಗೀತಾ ಬಂತು, ಈಗ ದುಬೈನಲ್ಲಿ ಗಣಿತ ಟೀಚರ್ ಕೆಲಸ ಸಿಗುತ್ತಾ ಅಂತ ಕೇಳಿದ್ದೆನಲ್ಲ, ಸಿಕ್ಕಿತು! ಭಾರತೀಯ ಪಠ್ಯಕ್ರಮದ ಶಾಲೆಗಳು ಅಲ್ಲಿ ಏಪ್ರಿಲ್‌ನಲ್ಲೇ ಶುರು. ಅದಕ್ಕೇ ನೀವು ಹೇಳಿದ ಹಾಗೆ ಬ್ರಿಟಿಷ್ ಪಠ್ಯಕ್ರಮದವಕ್ಕೆ ಅರ್ಜಿ ಹಾಕಿದೆ. ಅವು ತೆರೆಯುವುದು ಆಗಸ್ಟ್ ಕೊನೆಗೆ. ಅಂಥ ಒಂದು ಶಾಲೆಯಲ್ಲಿ ಒಪ್ಪಿಕೊಂಡಿದ್ದ ಟೀಚರ್ ಒಬ್ಬರು ಕೊನೇ ಗಳಿಗೆಯಲ್ಲಿ ಕೈಕೊಟ್ಟರಂತೆ. ಝೂಮ್‌ನಲ್ಲಿ ಭಿನ್ನರಾಶಿ ಡೆಮೊ ಪಾಠ. ಮಧ್ಯೆ ಕರೆಂಟ್ ಹೋಗಿ, ಮೊಬೈಲ್ ಹಾಟ್‌ಸ್ಪಾಟ್‌ನಲ್ಲೇ ಮುಗಿಸಿದೆ!

ನಿಜವಾದ ತಲೆನೋವು ಕಾಗದಪತ್ರದ್ದು. ಬಿ.ಎಡ್ ಸರ್ಟಿಫಿಕೇಟ್‌ಗೆ ಮೊದಲು ರಾಜ್ಯ ಸರ್ಕಾರ, ಆಮೇಲೆ ವಿದೇಶಾಂಗ ಸಚಿವಾಲಯ, ಆಮೇಲೆ ಯುಎಇ ರಾಯಭಾರ ಕಚೇರಿಯ ಮುದ್ರೆ. ಅದಿನ್ನೂ ಓಡ್ತಾ ಇದೆ. ಇನ್ನೂ ಹುಡುಕುತ್ತಿರುವವರು ಇದನ್ನ ಈಗಲೇ ಶುರು ಮಾಡಿ. ಮಗಳ ಫೀಸ್ ಅರ್ಧ ಅಂದಿದ್ದಾರೆ, ಅದನ್ನ ಆಫರ್ ಲೆಟರ್‌ನಲ್ಲೇ ಬರೆಸಿಕೊಂಡೆ. ಮನೆ ಮಾತ್ರ ತೀರ್ಮಾನ ಆಗಿಲ್ಲ. ಪಕ್ಕದ ಶಾರ್ಜಾದಲ್ಲಿ ಬಾಡಿಗೆ ಕಮ್ಮಿ, ಬೆಳಗಿನ ಟ್ರಾಫಿಕ್ ಜಾಸ್ತಿ ಅಲ್ವಾ?