ಇಗರ್ಜಿ ಶಾಲೆಯ ಕನ್ನಡ ವಿಭಾಗ ಮುಚ್ಚಬೇಕಾ?

ತೆನೆಹಬ್ಬ:
ಕಳೆದ ಭಾನುವಾರ ಬಲಿಪೂಜೆ ಮುಗಿದ ಮೇಲೆ ನಮ್ಮ ಇಗರ್ಜಿಯಲ್ಲಿ (ಚರ್ಚಿನಲ್ಲಿ) ಪಾಲನಾ ಮಂಡಳಿಯ ಸಭೆ ಇತ್ತು. ಮಂಗಳೂರಿನಿಂದ ಒಂದು ಗಂಟೆ ದೂರದ ಹಳ್ಳಿ ನಮ್ಮದು. ಇಗರ್ಜಿಯ ಅನುದಾನಿತ ಕನ್ನಡ ಶಾಲೆಯಲ್ಲಿ ಒಂದರಿಂದ ಏಳರವರೆಗೆ ಸೇರಿಸಿದರೂ ಐವತ್ತು ಮಕ್ಕಳಿಲ್ಲ. ಪಕ್ಕದಲ್ಲೇ ನಮ್ಮದೇ ಇಂಗ್ಲಿಷ್ ಮಾಧ್ಯಮ ಇದೆ, ಅಲ್ಲಿ ಕೂರಲು ಜಾಗ ಸಾಲುತ್ತಿಲ್ಲ. ಕನ್ನಡ ವಿಭಾಗ ಮುಚ್ಚಿ ಕೋಣೆಗಳನ್ನು ಆ ಕಡೆಗೆ ಕೊಡೋಣ ಎಂದು ಹೆಚ್ಚಿನವರು ಹೇಳಿದರು. ನನಗೆ ಒಪ್ಪಿಗೆಯಾಗಲಿಲ್ಲ. ಆದರೆ ಯಾಕೆ ಎಂದು ಕೇಳಿದಾಗ ಬಾಯಿ ಕಟ್ಟಿತು. ಮುಂದಿನ ತಿಂಗಳು ಮತ್ತೆ ಸಭೆ. ನಿಮ್ಮ ಅಭಿಪ್ರಾಯ ಹೇಳಿ.

ಗುಡ್ಡೆಮನೆ:
ಮುಚ್ಚುವುದೇ ಸರಿ. ಬೇಜಾರು ಮಾಡಿಕೊಳ್ಳಬೇಡಿ, ನಾನೂ ಕನ್ನಡ ಶಾಲೆಯಲ್ಲಿ ಓದಿದವನೇ. ಮೌಲ್ಯ ಇರುವುದು ಭಾಷೆಯಲ್ಲಿ ಅಲ್ಲ, ಕಲಿಸುವವರಲ್ಲಿ. ಪ್ರಾಮಾಣಿಕತೆ, ಕ್ಷಮೆ, ಬಡವರ ಬಗ್ಗೆ ಕಾಳಜಿ, ಇವನ್ನು ಇಂಗ್ಲಿಷಿನಲ್ಲೂ ಹೇಳಿಕೊಡಬಹುದು ಅಲ್ವಾ? ನಮ್ಮ ಇಗರ್ಜಿಯವರೇ ತಮ್ಮ ಮಕ್ಕಳನ್ನು ಕಳಿಸುತ್ತಿಲ್ಲ. ಮತ್ತೆ ಯಾರಿಗಾಗಿ ನಡೆಸುವುದು?

ಹಳೆ ಮಾಸ್ತರು:
ಯಾರಿಗಾಗಿ ಎಂದು ಕೇಳಿದಿರಿ. ಮೂವತ್ತು ವರ್ಷ ಇಂಥ ಶಾಲೆಯಲ್ಲೇ ಪಾಠ ಮಾಡಿದವನು, ಸ್ವಲ್ಪ ಉದ್ದ ಬರೆಯುತ್ತೇನೆ.

1870ರಲ್ಲಿ ಅಪೋಸ್ತಲಿಕ್ ಕಾರ್ಮೆಲ್ ಸಿಸ್ಟರ್‌ಗಳು ಮಂಗಳೂರಿಗೆ ಬಂದು ಹೆಣ್ಣುಮಕ್ಕಳಿಗೆ ಪಾಠ ಶುರು ಮಾಡಿದರು. 1878ರ ಕೊನೆಯ ದಿನ ಇಟಲಿಯ ಜೆಸ್ವಿತ್ ಪಾದ್ರಿಗಳು ಬಂದಿಳಿದರು, 1880ರಲ್ಲಿ ಅಲೋಶಿಯಸ್ ಕಾಲೇಜು ತೆರೆದರು. ನಮ್ಮ ಜನ ಹೆಮ್ಮೆಯಿಂದ ಹೇಳುವುದು ಈ ಪೇಟೆಯ ಕಥೆಯನ್ನೇ. ಹಳ್ಳಿಯ ಕಥೆ ಬೇರೆ. ಮಂಗಳೂರಿನ ಬೆಂದೂರು ಇಗರ್ಜಿಯ ವಿಗಾರರು, ಅಂದರೆ ಮುಖ್ಯ ಪಾದ್ರಿ, ಆಗಿದ್ದ ರೇಮಂಡ್ ಮಸ್ಕರೇನ್ಹಸ್ ಅವರು 1921ರಲ್ಲಿ ನಾಲ್ಕೇ ಜನರೊಂದಿಗೆ ಬೆಥನಿ ಸಿಸ್ಟರ್‌ಗಳ ಸಂಸ್ಥೆ ಕಟ್ಟಿದರು. ನಾಲ್ವರೂ ಈ ಕಡೆಯ ಹೆಂಗಸರೇ. ಬಸ್ಸೂ ಸರಿಯಾಗಿ ಇಲ್ಲದ ಊರುಗಳಿಗೆ ಬೆಥನಿಯವರು ಹೋಗಿ ಕನ್ನಡ ಶಾಲೆ ನಡೆಸಿದರು.

ಇನ್ನೊಂದು ಗಮನಿಸಿ. ನಮ್ಮ ಮನೆಮಾತು ಕೊಂಕಣಿ, ಶಾಲೆ ಮಾತ್ರ ಕನ್ನಡ. ಹಾಗಾಗಿ ತುಳು ಮನೆಯವರು, ಬ್ಯಾರಿ ಮನೆಯವರು, ನಾವು, ಎಲ್ಲರೂ ಒಂದೇ ಬೆಂಚಿನಲ್ಲಿ ಕೂತು ಯಾರದ್ದೂ ಮನೆಮಾತಲ್ಲದ ಭಾಷೆಯನ್ನು ಒಟ್ಟಿಗೇ ಕಲಿತೆವು. ಶಾಲೆ ನಮ್ಮವರಿಗೆ ಮಾತ್ರ ಎಂದು ಆಗಿದ್ದೇ ಇಲ್ಲ.

ಶಾಂಭವಿ ತೀರ:
ಮಾಸ್ತರು ಹೇಳಿದ್ದು ನಿಜ. ನಮ್ಮದು ಬೀಡಿ ಕಟ್ಟುವ ಮನೆ, ತುಳು ಮಾತಾಡುವವರು. ನೀತಿಪಾಠದ ಪೀರಿಯಡ್‌ನಲ್ಲಿ ಕ್ರಿಶ್ಚಿಯನ್ ಮಕ್ಕಳು ದೊತೊರ್ನಿಗೆ (ಧರ್ಮಪಾಠಕ್ಕೆ) ಬೇರೆ ಕೋಣೆಗೆ ಹೋಗುತ್ತಿದ್ದರು. ನಮಗೆ ಸಿಸ್ಟರ್ ಕಥೆ ಹೇಳುತ್ತಿದ್ದರು. ಸೆಪ್ಟೆಂಬರ್ ಎಂಟರ ಮೊಂತಿ ಹಬ್ಬ (ಮಾತೆ ಮರಿಯಳ ಹುಟ್ಟುಹಬ್ಬ, ತೆನೆಹಬ್ಬ) ಕಳೆದ ಮಾರನೇ ದಿನ ಗೆಳತಿ ತನ್ನ ಪಾಲಿನ ಕಬ್ಬು ತಂದು, ಗೆಣ್ಣಿನ ಹತ್ತಿರ ಮುರಿದು, ಸಿಹಿ ಜಾಸ್ತಿ ಇರುವ ಬುಡದ ತುಂಡನ್ನು ನನಗೇ ಕೊಡುತ್ತಿದ್ದಳು. ಒಮ್ಮೆ ಫೀಸು ಕಟ್ಟಲು ಆಗದೆ ಎರಡು ದಿನ ಮನೆಯಲ್ಲೇ ಉಳಿದೆ. ಮೂರನೇ ದಿನ ಸಿಸ್ಟರ್ ಕೊಡೆ ಹಿಡಿದುಕೊಂಡು ಗದ್ದೆಯ ಬದುವಿನಲ್ಲಿ ನಡೆದು ಬಂದರು. ಅಮ್ಮನ ಹತ್ತಿರ ಫೀಸಿನ ಮಾತೇ ಎತ್ತಲಿಲ್ಲ. "ನಾಳೆ ಪರೀಕ್ಷೆ ಉಂಟು, ಕಳಿಸಿ" ಎಂದರು ಅಷ್ಟೇ.

ಕೆಂಪುಹಂಚು:
ಒಳ್ಳೆಯದನ್ನು ಮಾತ್ರ ಬರೆದರೆ ಸಾಲದು. ನಾನು ಓದಿದ ಶಾಲೆಯಲ್ಲಿ ಬೆತ್ತದ ಏಟು ದಿನಾ ಇತ್ತು. ಹೈಸ್ಕೂಲಿನಲ್ಲಿ ಕೊಂಕಣಿ ಮಾತಾಡಿದರೆ ದಂಡ. ಶಿಸ್ತು ಎಂದು ಹೆಸರಿಟ್ಟರೆ ಅದು ಮೌಲ್ಯ ಆಗುತ್ತದಾ? ನನ್ನ ತಮ್ಮ ಆ ಹೆದರಿಕೆಗೇ ಎಂಟನೇ ಕ್ಲಾಸಿಗೆ ಓದು ಬಿಟ್ಟ.

ಹಳೆ ಮಾಸ್ತರು:
ನಿಮ್ಮ ತಮ್ಮನ ವಿಷಯ ಓದಿ ಸಂಕಟವಾಯಿತು. ನಾನೂ ಬೆತ್ತ ಹಿಡಿದಿದ್ದೇನೆ. ಅದು ತಪ್ಪು ಎಂದು ತಿಳಿಯಲು ನನಗೆ ತುಂಬಾ ವರ್ಷ ಬೇಕಾಯಿತು. ಇದಕ್ಕೆ ಸಮರ್ಥನೆ ಕೊಡುವುದಿಲ್ಲ.

ಕಡಲಾಚೆ:
ನಾನು ಅಮೆರಿಕದಲ್ಲಿದ್ದೇನೆ. 1884ರಲ್ಲಿ ಬಾಲ್ಟಿಮೋರಿನಲ್ಲಿ ಬಿಷಪರು ಸಭೆ ಸೇರಿ ಪ್ರತಿ ಇಗರ್ಜಿಯ ಹತ್ತಿರ ಒಂದು ಶಾಲೆ ಇರಲೇಬೇಕು ಎಂದು ನಿಯಮ ಮಾಡಿದರು. 1960ರ ದಶಕದಲ್ಲಿ ಇಲ್ಲಿನ ಕ್ಯಾಥೊಲಿಕ್ ಶಾಲೆಗಳಲ್ಲಿ 50 ಲಕ್ಷಕ್ಕೂ ಹೆಚ್ಚು ಮಕ್ಕಳಿದ್ದರು. ಈಗ 20 ಲಕ್ಷವೂ ಇಲ್ಲ. ಸಂಬಳವಿಲ್ಲದಂತೆ ದುಡಿಯುತ್ತಿದ್ದ ಸಿಸ್ಟರ್‌ಗಳು ಕಡಿಮೆಯಾದರು, ಹೊರಗಿನ ಟೀಚರ್‌ಗಳಿಗೆ ಸಂಬಳ ಕೊಡಲು ಫೀಸು ಏರಿತು. ಬಡ ಬಡಾವಣೆಗಳಲ್ಲೇ ಜಾಸ್ತಿ ಶಾಲೆಗಳು ಮುಚ್ಚಿದವು. ಮುಚ್ಚಿದ್ದನ್ನು ಮತ್ತೆ ತೆರೆಯುವುದು ಸುಲಭ ಅಲ್ಲ.

ಗುಡ್ಡೆಮನೆ:
ನಮ್ಮಲ್ಲೂ ಅದೇ ಕಷ್ಟ. ನಿವೃತ್ತರಾದ ಮಾಸ್ತರ ಜಾಗಕ್ಕೆ ಸರ್ಕಾರ ವರ್ಷಗಟ್ಟಲೆ ಬೇರೆಯವರನ್ನು ಕೊಡುವುದಿಲ್ಲ. ಇಗರ್ಜಿಯೇ ಗೌರವ ಶಿಕ್ಷಕರನ್ನು ಇಟ್ಟುಕೊಳ್ಳಬೇಕು. ದುಡ್ಡು ಎಲ್ಲಿಂದ? ಬಡ ಮಕ್ಕಳನ್ನು ಇಂಗ್ಲಿಷ್ ವಿಭಾಗಕ್ಕೇ ಸೇರಿಸಿಕೊಂಡರಾಯಿತು, ಅಲ್ವಾ?

ಹಳೆ ಮಾಸ್ತರು:
ಸೇರಿಸಿಕೊಳ್ಳುತ್ತೀರಾ? ಅದನ್ನೇ ಸಭೆಯಲ್ಲಿ ಬರೆಸಿ. ಶಿಕ್ಷಣ ಹಕ್ಕು ಕಾಯ್ದೆಯ ಪ್ರಕಾರ ಖಾಸಗಿ ಶಾಲೆಗಳು 25% ಸೀಟು ಬಡ ಮಕ್ಕಳಿಗೆ ಕೊಡಬೇಕಿತ್ತು. 2014ರಲ್ಲಿ ಸುಪ್ರೀಂ ಕೋರ್ಟು ಅಲ್ಪಸಂಖ್ಯಾತ ಶಾಲೆಗಳಿಗೆ ಆ ಕಾಯ್ದೆ ಅನ್ವಯಿಸುವುದಿಲ್ಲ ಎಂದಿತು. ಅಂದರೆ ನಮ್ಮನ್ನು ಕಾನೂನು ಒತ್ತಾಯಿಸುವುದಿಲ್ಲ. ಅಲ್ಪಸಂಖ್ಯಾತರು ತಮ್ಮದೇ ಶಾಲೆ ನಡೆಸಬಹುದು ಎಂದು ಸಂವಿಧಾನದ 30ನೇ ವಿಧಿ ಕೊಟ್ಟ ಹಕ್ಕನ್ನು ಏನಕ್ಕೆ ಬಳಸುತ್ತೇವೆ ಎನ್ನುವುದು ನಮಗೇ ಬಿಟ್ಟದ್ದು. ಈಗ ಫೀಸಿಲ್ಲದೆ ಒಳಗೆ ಬರಲು ಇರುವ ಬಾಗಿಲು ಕನ್ನಡ ವಿಭಾಗ ಒಂದೇ. ಇನ್ನೊಂದು ತೆರೆಯುವ ಮೊದಲು ಇದನ್ನು ಮುಚ್ಚಬೇಡಿ.

ಗುಡ್ಡೆಮನೆ:
ಈ ಮಾತಿಗೆ ನನ್ನ ಹತ್ತಿರ ಉತ್ತರ ಇಲ್ಲ ಮಾಸ್ತರೇ. ಕೋಣೆ ಸಾಲದ ಸಮಸ್ಯೆ ಹಾಗೇ ಉಂಟು. ಆದರೆ ಫೀಸಿಲ್ಲದ ಸೀಟು ಎಷ್ಟು ಎಂದು ಬರೆಯದೆ ಮುಚ್ಚುವ ಕಾಗದಕ್ಕೆ ಸಹಿ ಹಾಕುವುದು ನನಗೂ ಸರಿ ಕಾಣುವುದಿಲ್ಲ.

ಶಾಂಭವಿ ತೀರ:
ಸಭೆಗೆ ಹಳೆ ವಿದ್ಯಾರ್ಥಿಗಳನ್ನೂ ಕರೆಯಿರಿ. ಕ್ರಿಶ್ಚಿಯನ್ ಅಲ್ಲದವರನ್ನೂ. ಒಬ್ಬರು ಗೌರವ ಶಿಕ್ಷಕರ ಸಂಬಳದಲ್ಲಿ ನಾಲ್ಕು ತಿಂಗಳದ್ದು ನನ್ನ ಕಡೆಯಿಂದ.

ತೆನೆಹಬ್ಬ:
ಕರೆಯುತ್ತೇನೆ ಅಕ್ಕ. ನಾಳೆಯೇ ಹೆಡ್‌ಮಿಸ್ಟ್ರೆಸ್ ಹತ್ತಿರ ಹೋಗಿ ಹಾಜರಿ ಪುಸ್ತಕ ನೋಡುತ್ತೇನೆ. ಆ ಮಕ್ಕಳಲ್ಲಿ ಎಷ್ಟು ಜನ ಯಾವ ಮನೆಯಿಂದ ಬರುತ್ತಾರೆ ಎಂದು ನಮ್ಮ ಸಭೆಯಲ್ಲಿ ಇವತ್ತಿನವರೆಗೆ ಯಾರೂ ಕೇಳಿಲ್ಲ. ನಾನೂ ಕೇಳಿರಲಿಲ್ಲ.