ಪುನಾವಳೆಯಲ್ಲಿ ಹೊಸ ಫ್ಲಾಟ್: ಕಿಚನ್ ಟ್ರಾಲಿ, ಏಸಿ ತಗೊಳ್ಳಲಾ, ರೇಟು ಇಳಿಸಿಕೊಳ್ಳಲಾ?

ಹುಬ್ಬಳ್ಳಿ_ಹುಡುಗಿ

ಎಲ್ಲರಿಗೂ ನಮಸ್ಕಾರ. ಪುಣೆಯಲ್ಲಿ ಹೊಸ ಫ್ಲಾಟ್ ತಗೊಂಡವರು ಸ್ವಲ್ಪ ದಾರಿ ತೋರಿಸಿ.

ನಾನು ಹಿಂಜವಡಿಯಲ್ಲಿ ಕೆಲಸ ಮಾಡುತ್ತೇನೆ, ನಮ್ಮ ಮನೆಯವರದು ಚಾಕಣದ ಕಾರ್ಖಾನೆಯಲ್ಲಿ. ಸದ್ಯ ವಾಕಡದಲ್ಲಿ ಬಾಡಿಗೆಗೆ ಇದ್ದೇವೆ. ಈಗ ಪುನಾವಳೆಯಲ್ಲಿ ಒಂದು 2 ಬಿಎಚ್‌ಕೆ ಮನಸ್ಸಿಗೆ ಬಂದಿದೆ. ಒಂಬತ್ತನೇ ಮಹಡಿ, ಬಾಗಿಲು ಪೂರ್ವಕ್ಕೆ. ಅತ್ತೆಯವರು ಬಾಗಿಲು ನೋಡಿ ಹೂಂ ಅಂದರು, ಉಳಿದದ್ದನ್ನು ನೋಡಲೇ ಇಲ್ಲ. ಕಟ್ಟಡ ಇನ್ನೂ ಏಳುತ್ತಿದೆ. ಪಝೆಶನ್ ಮುಂದಿನ ವರ್ಷದ ಕೊನೆಗೆ ಅಂತಾರೆ.

ಪಾರ್ಕಿಂಗ್, ಫ್ಲೋರ್ ರೈಸ್ (ಮೇಲಿನ ಮಹಡಿಗೆ ಹಾಕುವ ಹೆಚ್ಚಿನ ದರ), ಕ್ಲಬ್‌ಹೌಸ್ ಎಲ್ಲ ಸೇರಿ ಅಗ್ರಿಮೆಂಟ್ ಬೆಲೆ 78 ಲಕ್ಷ. ಅದರ ಮೇಲೆ ಸ್ಟಾಂಪ್ ಡ್ಯೂಟಿ, ಜಿಎಸ್‌ಟಿ, ರಿಜಿಸ್ಟ್ರೇಶನ್ ಬೇರೆ. ಚೌಕಾಸಿ ಮಾಡಿದ ಮೇಲೆ ಸೇಲ್ಸ್ ಹುಡುಗ ಎರಡು ಆಫರ್ ಮುಂದಿಟ್ಟಿದ್ದಾನೆ. ಒಂದು, ಕಿಚನ್ ಟ್ರಾಲಿ (ಅಡುಗೆ ಕಟ್ಟೆಯ ಕೆಳಗಿನ ಡ್ರಾಯರ್, ಕಪಾಟು), ಎರಡು ಏಸಿ, ಕಿಟಕಿಗಳಿಗೆ ಸೊಳ್ಳೆ ಜಾಳಿಗೆ. ಇದೆಲ್ಲ ನಾಲ್ಕು ಲಕ್ಷದ ಮಾಲು ಅಂತಾನೆ. ಇನ್ನೊಂದು, ಇದ್ಯಾವುದೂ ಬೇಡವಾದರೆ ಬೆಲೆಯಲ್ಲಿ 3 ಲಕ್ಷ ಕಡಿಮೆ. ಯಾವುದೇ ಆಗಲಿ, ಇವತ್ತೇ ಟೋಕನ್ (ಬುಕಿಂಗ್ ಮುಂಗಡ) ಕೊಟ್ಟರೆ ಮಾತ್ರವಂತೆ.

ನಮ್ಮವರಿಗೆ ಏಸಿ ಮೇಲೆ ಕಣ್ಣು. ನಾದಿನಿ ಬಂಗಾರದ ನಾಣ್ಯ ಕೇಳು ಅಂತಾಳೆ, ಅವಳ ಪರಿಚಯದವರಿಗೆ ದಸರಾಕ್ಕೆ ಕೊಟ್ಟಿದ್ದರಂತೆ. ನನ್ನ ತಲೆಬಿಸಿ ಬೇರೆ. ಊರಿನ ಪ್ಲಾಟ್ ಮಾರಿದ್ದು, ಪಿಎಫ್ ತೆಗೆದದ್ದು ಸೇರಿ ಕೈಯಲ್ಲಿರುವುದು 24 ಲಕ್ಷ. ಬ್ಯಾಂಕಿನವರು ಬೆಲೆಯ 80% ಲೋನ್ ಕೊಡುತ್ತೇವೆ ಅಂದಿದ್ದಾರೆ. ಯಾವುದನ್ನು ಒಪ್ಪಿಕೊಳ್ಳೋಣ? ಇನ್ನೂ ಏನಾದರೂ ಕೇಳಬಹುದಾ?

ಮುಲುಂಡ್_ಮಾರಾಯ

ಮೊದಲು ಆ "ಇವತ್ತೇ" ಅನ್ನುವುದನ್ನು ಬಿಟ್ಟುಬಿಡಿ ಮಾರಾಯ್ರೆ. ಮುಂಬೈಯಲ್ಲಿ ನನಗೂ ಹಾಗೇ ಹೇಳಿದ್ದರು. ಮರುವಾರ ಅದೇ ಆಫರ್ ಇಟ್ಟುಕೊಂಡು ಅವರೇ ಫೋನ್ ಮಾಡಿದರು.

ಮಹಾರೇರಾ (ಬಿಲ್ಡರ್‌ಗಳ ಮೇಲೆ ಕಣ್ಣಿಡುವ ಮಹಾರಾಷ್ಟ್ರದ ಸರ್ಕಾರಿ ಪ್ರಾಧಿಕಾರ) ವೆಬ್‌ಸೈಟಿನಲ್ಲಿ ಪ್ರಾಜೆಕ್ಟ್ ನಂಬರ್ ಹಾಕಿ ನೋಡಿ. ಜಾಹೀರಾತಿನ ಮೇಲೆ ಕ್ಯೂಆರ್ ಕೋಡ್ ಇರುತ್ತದೆ, 2023ರ ಆಗಸ್ಟ್‌ನಿಂದ ಅದು ಕಡ್ಡಾಯ. ಎಷ್ಟು ಫ್ಲಾಟ್ ಬುಕ್ ಆಗಿವೆ, ಎಷ್ಟು ಉಳಿದಿವೆ ಅಂತ ಬಿಲ್ಡರೇ ಮೂರು ತಿಂಗಳಿಗೊಮ್ಮೆ ಅಲ್ಲಿ ಹಾಕಬೇಕು. ಅರ್ಧ ಟವರ್ ಖಾಲಿ ಇದ್ದರೆ ಯಾರಿಗೆ ಅವಸರ, ನಿಮಗಾ ಅವನಿಗಾ?

ಬಂಗಾರದ ನಾಣ್ಯ ಬೇಡವೇ ಬೇಡ.

ಗುಮ್ಮಟದೂರಿನವ

ನಾನು ಬಿಜಾಪುರದವನು. ಈಗ ಕೋಥ್ರೂಡಿನಲ್ಲಿ ಸ್ವಂತ ವ್ಯಾಪಾರ. ಅದಕ್ಕೂ ಮುಂಚೆ ಇಲ್ಲಿನ ಒಬ್ಬ ಬಿಲ್ಡರ್ ಹತ್ತಿರ ಕ್ಲೋಸಿಂಗ್ ಮ್ಯಾನೇಜರ್, ಅಂದರೆ ಗಿರಾಕಿಯ ಜೊತೆ ಕೊನೆಯ ಮಾತುಕತೆ ಮುಗಿಸುವವನು, ಆಗಿದ್ದೆ. ಹಾಗಾಗಿ ಟೇಬಲ್ಲಿನ ಆ ಕಡೆಯಿಂದ ಹೇಳುತ್ತೇನೆ, ಅಕ್ಕಾ.

ಆ ಎರಡು ಆಫರ್‌ನಲ್ಲಿ ಯಾವುದೂ ನಿಮಗೆ ಸರಿಹೊಂದುವುದಲ್ಲ. ಮೂರನೆಯದು ಕೇಳಿ: ಅದೇ 3 ಲಕ್ಷವನ್ನು ಬಿಲ್ಡರ್ ಸ್ಟಾಂಪ್ ಡ್ಯೂಟಿಗೆ ಕಟ್ಟಲಿ.

ಲೆಕ್ಕ ನೋಡಿ. ಪಿಂಪ್ರಿ-ಚಿಂಚವಡದಲ್ಲಿ ಸ್ಟಾಂಪ್ ಡ್ಯೂಟಿ 7%, ಅಂದರೆ 5.46 ಲಕ್ಷ. ಕಟ್ಟುತ್ತಿರುವ ಮನೆಗೆ ಜಿಎಸ್‌ಟಿ 5%, ಅಂದರೆ 3.90 ಲಕ್ಷ. ರಿಜಿಸ್ಟ್ರೇಶನ್ 30,000. ಒಟ್ಟು 87.66 ಲಕ್ಷ. ಬ್ಯಾಂಕ್ 78ರ ಮೇಲೆ 80% ಕೊಟ್ಟರೆ 62.40 ಲಕ್ಷ. ಸ್ಟಾಂಪ್ ಡ್ಯೂಟಿ, ರಿಜಿಸ್ಟ್ರೇಶನ್‌ನ್ನು ಅವರು ಮನೆಯ ಬೆಲೆಗೆ ಸೇರಿಸಿಕೊಳ್ಳುವುದಿಲ್ಲ, ರಿಸರ್ವ್ ಬ್ಯಾಂಕಿನ ನಿಯಮವೇ ಹಾಗಿದೆ. ಜಿಎಸ್‌ಟಿಯನ್ನೂ ಸೇರಿಸಿಲ್ಲ ಅಂತ ಹಿಡಿಯೋಣ. ಆಗ ನೀವು ಕೈಯಿಂದ ಹಾಕಬೇಕಾದ್ದು 25.26 ಲಕ್ಷ. ನಿಮ್ಮ ಹತ್ತಿರ ಇರುವುದು 24.

ಈಗ ಬೆಲೆ 3 ಲಕ್ಷ ಇಳಿಸಿದರು ಅನ್ನಿ. ಟ್ಯಾಕ್ಸೂ ಇಳಿಯುತ್ತದೆ, ಒಟ್ಟು 84.30 ಲಕ್ಷ ಆಗುತ್ತದೆ. ಆದರೆ ಲೋನೂ 60ಕ್ಕೆ ಇಳಿಯಿತಲ್ಲ. ಕೈಯಿಂದ 24.30 ಬೇಕು. ಮೂರು ಲಕ್ಷ ಕಡಿಮೆಯಾದರೂ ನಿಮ್ಮ ಜೇಬಿಗೆ ಉಳಿದದ್ದು ಒಂದು ಲಕ್ಷವೂ ಇಲ್ಲ, ಇನ್ನೂ ಮೂವತ್ತು ಸಾವಿರ ಕೊರತೆ.

ಬೆಲೆ 78 ಇದ್ದು, ಸ್ಟಾಂಪ್ ಡ್ಯೂಟಿಯಲ್ಲಿ 3 ಲಕ್ಷ ಬಿಲ್ಡರ್ ಕಟ್ಟಿದರೆ ಕೈಯಿಂದ 22.26 ಸಾಕು. ಒಟ್ಟು ಖರ್ಚು ಮಾತ್ರ ಬೆಲೆ ಇಳಿಸಿದ್ದಕ್ಕಿಂತ 36,000 ಜಾಸ್ತಿ, ಮೇಲೆ 2.40 ಲಕ್ಷ ಹೆಚ್ಚಿನ ಲೋನಿನ ಬಡ್ಡಿ. ದುಡ್ಡು ಧಾರಾಳವಾಗಿ ಇದ್ದವರಿಗೆ ನಾನು ಬೆಲೆ ಇಳಿಸಿಕೊಳ್ಳಿ ಅಂತಲೇ ಹೇಳುತ್ತೇನೆ. ನಿಮ್ಮದು ಆ ಪರಿಸ್ಥಿತಿ ಅಲ್ಲ. ಪಝೆಶನ್ ಹೊತ್ತಿಗೆ ಕರ್ಟನ್, ಫ್ಯಾನು, ಗ್ರಿಲ್ಲು ಅಂತ ಕೈ ಖಾಲಿಯಾಗುವುದು ಇನ್ನೂ ಮುಂದಿದೆ.

ಇನ್ನೊಂದು ಗುಟ್ಟು. ಬಿಲ್ಡರ್‌ಗೂ ಸ್ಟಾಂಪ್ ಡ್ಯೂಟಿಯೇ ಇಷ್ಟ. ಅಗ್ರಿಮೆಂಟ್ ರಿಜಿಸ್ಟರ್ ಆದ ಮೇಲೆ ಅದರ ಇಂಡೆಕ್ಸ್-2 (ಬೆಲೆ ಸಮೇತ ವ್ಯವಹಾರದ ಸಾರಾಂಶದ ಕಾಗದ) ಐಜಿಆರ್ ಮಹಾರಾಷ್ಟ್ರದ, ಅಂದರೆ ನೋಂದಣಿ ಇಲಾಖೆಯ, ವೆಬ್‌ಸೈಟಿನ ಇ-ಸರ್ಚ್‌ನಲ್ಲಿ ಯಾರಿಗೆ ಬೇಕಾದರೂ ಸಿಗುತ್ತದೆ. ನಿಮಗೆ 75ಕ್ಕೆ ಕೊಟ್ಟರೆ ನಾಳೆ ಹತ್ತನೇ ಮಹಡಿಯವನು ಅದೇ ಕಾಗದ ತಂದು ಟೇಬಲ್ ಮೇಲೆ ಇಡುತ್ತಾನೆ. ಅದಕ್ಕೇ ನಾವು ರೇಟ್ ಬಿಟ್ಟು ಬೇರೆ ಎಲ್ಲ ಕೊಡುತ್ತಿದ್ದೆವು: ಏಸಿ, ಟ್ರಾಲಿ, ನಾಣ್ಯ, ಸ್ಕೂಟರ್. ನೀವೂ ಹೋಗುವ ಮುಂಚೆ ಇ-ಸರ್ಚ್ ಮಾಡಿ, ಅದೇ ಟವರ್‌ನ 2 ಬಿಎಚ್‌ಕೆ ಎಷ್ಟಕ್ಕೆ ರಿಜಿಸ್ಟರ್ ಆಗಿದೆ ನೋಡಿಕೊಳ್ಳಿ. 75ಕ್ಕೆ ಆಗಿದ್ದರೆ ನಿಮಗೆ ಹೇಳಿದ 78ರೊಳಗೇ ಆ ಏಸಿ, ಟ್ರಾಲಿ ಎಲ್ಲ ಕೂತಿದೆ ಅಂತ ಅರ್ಥ.

ಸ್ಟಾಂಪ್ ಡ್ಯೂಟಿ ಕೇಳುವಾಗ ಬೇರೆ ಹೆಸರಿನಲ್ಲಿ ಬೆಲೆ ಏರಿಸದಂತೆ ನೋಡಿಕೊಳ್ಳಿ. ಹಳೆಯ ಕಾಸ್ಟ್ ಶೀಟ್ ಕೈಯಲ್ಲಿಟ್ಟುಕೊಂಡು ಹೊಸದನ್ನು ಸಾಲು ಸಾಲಾಗಿ ಹೋಲಿಸಿ. ಎರಡು ವರ್ಷದ ಮೆಂಟೇನೆನ್ಸ್ ಮುಂಗಡ ಅಂತ ಇದ್ದರೆ ಒಂದು ವರ್ಷಕ್ಕೆ ಇಳಿಸಿ ಅನ್ನಿ. ಲೀಗಲ್ ಚಾರ್ಜ್, ಡಾಕ್ಯುಮೆಂಟೇಶನ್ ಚಾರ್ಜ್ ಅಂತ ಇಪ್ಪತ್ತು ಮೂವತ್ತು ಸಾವಿರ ಕಂಡರೆ ಹೊಡೆಸಿ ಹಾಕಿ, ಅದನ್ನು ಬಿಡುವ ಅಧಿಕಾರ ಸೇಲ್ಸ್ ಹುಡುಗನಿಗೂ ಇರುತ್ತದೆ. ದೊಡ್ಡ ರಿಯಾಯಿತಿಗೆ ಮಾತ್ರ ಸೈಟ್ ಹೆಡ್ ಹತ್ತಿರವೇ ಕೂರಬೇಕು.

ಟೈಮು ನೋಡಿ ಹೋಗಿ. ತಿಂಗಳ ಕೊನೆ ಒಳ್ಳೆಯದು, ಮಾರ್ಚ್ ಇನ್ನೂ ಒಳ್ಳೆಯದು. ಎಲ್ಲಕ್ಕಿಂತ ಒಳ್ಳೆಯದು ಪಿತೃಪಕ್ಷ. ಇಲ್ಲಿ ಆ ಹದಿನೈದು ದಿನ ಯಾರೂ ಟೋಕನ್ ಕೊಡುವುದಿಲ್ಲ, ಸೇಲ್ಸ್ ಆಫೀಸಿನಲ್ಲಿ ನಾವು ನಾವೇ ಕೂತು ಚಹಾ ಕುಡಿಯುತ್ತಿದ್ದೆವು. ಆಗ ಹೋಗಿ ಮಾತು ಮುಗಿಸಿ, ಮೇಲ್‌ನಲ್ಲಿ ಬರೆಸಿಕೊಂಡು, ಘಟಸ್ಥಾಪನೆಗೆ (ನವರಾತ್ರಿಯ ಮೊದಲ ದಿನ) ಟೋಕನ್ ಕೊಡಿ. ಅತ್ತೆಯವರಿಗೂ ಸಮಾಧಾನ.

ಕರ್ವೇನಗರದ_ಕಾಕಾ

ಗುಮ್ಮಟದೂರಿನವರ ಲೆಕ್ಕ ಸರಿ ಇದೆ. ನಾನು ಟ್ರಾಲಿ ಬಗ್ಗೆ ಹೇಳುತ್ತೇನೆ ಮಗಳೇ, ನನಗೆ ಅದು ಸಿಕ್ಕಿತ್ತು.

ನಮ್ಮ ಬಿಲ್ಡರ್, ಹೆಸರು ಬೇಡ, ಸ್ಯಾಂಪಲ್ ಫ್ಲಾಟ್‌ನಲ್ಲಿ ತೋರಿಸಿದ್ದು ಮಿರಿಮಿರಿ ಮಿಂಚುವ ಅಡುಗೆಮನೆ. ನಮ್ಮ ಮನೆಗೆ ಹಾಕಿದ್ದು ಪಾರ್ಟಿಕಲ್ ಬೋರ್ಡ್. ಒಂದೇ ಮಳೆಗಾಲಕ್ಕೆ ಸಿಂಕಿನ ಕೆಳಗಿನ ಹಲಗೆ ನೆನೆದ ಖಾರಿ ಬಿಸ್ಕತ್ತಿನ ಹಾಗೆ ಉಬ್ಬಿತು. ಕೇಳಲು ಹೋದರೆ, ಅದು ಉಚಿತವಾಗಿ ಕೊಟ್ಟದ್ದು ಕಾಕಾ ಅಂದರು. ಬ್ರೋಶರ್‌ನಲ್ಲಿ ಬರೀ "ಮಾಡ್ಯುಲರ್ ಕಿಚನ್" ಅಂತ ಇತ್ತು. ಅಗ್ರಿಮೆಂಟ್‌ನಲ್ಲಿ ಅದೂ ಇರಲಿಲ್ಲ.

ಏನೇ ಕೊಟ್ಟರೂ ಅಗ್ರಿಮೆಂಟ್‌ನಲ್ಲಿ ಬರೆಸಿ. ಯಾಕೆ ಅಂದರೆ, ರೇರಾ (ರಿಯಲ್ ಎಸ್ಟೇಟ್) ಕಾಯ್ದೆಯ 14ನೇ ಕಲಮಿನ ಪ್ರಕಾರ ಪಝೆಶನ್ ಆದ 5 ವರ್ಷದೊಳಗೆ ಕಟ್ಟಡದಲ್ಲಿ, ಕೆಲಸದಲ್ಲಿ, ಅಗ್ರಿಮೆಂಟ್‌ನಲ್ಲಿ ಒಪ್ಪಿಕೊಂಡ ಯಾವುದರಲ್ಲಾದರೂ ದೋಷ ಕಂಡು ನೀವು ತಿಳಿಸಿದರೆ 30 ದಿನದಲ್ಲಿ ಬಿಟ್ಟಿಯಾಗಿ ಸರಿಮಾಡಿಕೊಡಬೇಕು. ಒಪ್ಪಿಕೊಂಡದ್ದು ಕಾಗದದಲ್ಲಿ ಇದ್ದರೆ ತಾನೇ? ಪ್ಲೈವುಡ್ ಯಾವುದು, ಏಸಿ ಎಷ್ಟು ಟನ್, ಎಷ್ಟು ಸ್ಟಾರ್, ಯಾವ ಕಂಪನಿ, ಎಲ್ಲ ಬರೆಸಬೇಕು.

ನನ್ನನ್ನು ಕೇಳಿದರೆ ಏಸಿ ಬೇಡ. ಏಸಿಗೆ ಪಾಯಿಂಟ್ ಮತ್ತು ಪೈಪು ಕೇಳಿ, ಡ್ರೈ ಬಾಲ್ಕನಿಯಲ್ಲಿ (ಅಡುಗೆಮನೆ ಪಕ್ಕದ ಬಟ್ಟೆ-ಪಾತ್ರೆ ತೊಳೆಯುವ ಜಾಗ) ಇನ್ನೊಂದು ನಲ್ಲಿ ಕೇಳಿ, ಇನ್ವರ್ಟರ್ ವೈರಿಂಗ್ ಕೇಳಿ, ಅಡುಗೆ ಕಟ್ಟೆಯ ಮೇಲೆ ಎರಡು ಪ್ಲಗ್ ಜಾಸ್ತಿ ಕೇಳಿ. ಪ್ಲಾಸ್ಟರ್ ಆಗುವ ಮುಂಚೆ ಅವರಿಗೆ ಇದು ಏನೂ ಅಲ್ಲ. ಆಮೇಲೆ ನೀವೇ ಮಾಡಿಸಿದರೆ ಗೋಡೆ ಒಡೆಯಬೇಕು, ಟೈಲ್ಸ್ ಒಡೆಯಬೇಕು, ಕೆಳಗಿನ ಮನೆಯವರ ಜೊತೆ ಜಗಳ ಬೇರೆ.

ಪಾರ್ಕಿಂಗ್ ಸೇರಿದೆ ಅಂದಿರಲ್ಲ, ಯಾವುದು, ಎಲ್ಲಿ? ಬಯಲು ಪಾರ್ಕಿಂಗ್‌ನ್ನು ಅವರು ಮಾರುವ ಹಾಗಿಲ್ಲ. ಮುಚ್ಚಿದ ಪಾರ್ಕಿಂಗ್ ಆದರೆ ನಂಬರ್, ಉದ್ದ, ಅಗಲ, ಎತ್ತರ, ಜಾಗ ಎಲ್ಲ ಅಗ್ರಿಮೆಂಟ್‌ನ ಜೊತೆ ಲಗತ್ತಿಸಬೇಕು ಅಂತ ಮಹಾರೇರಾ 2024ರಲ್ಲಿ ಹೇಳಿದೆ. ಕಂಬದ ಪಕ್ಕದ ಜಾಗ ಬಂದರೆ ಕಾರಿನ ಬಾಗಿಲು ತೆರೆಯುವುದಿಲ್ಲ. ಮೆಕ್ಯಾನಿಕಲ್ ಪಾರ್ಕಿಂಗ್ ಆದರೆ ನಿಮ್ಮ ಗಾಡಿಯ ಎತ್ತರ ಅಳೆದು ನೋಡಿ.

ಹುಬ್ಬಳ್ಳಿ_ಹುಡುಗಿ

ಎಲ್ಲರಿಗೂ ತುಂಬಾ ಥ್ಯಾಂಕ್ಸ್! ಮತ್ತೆ ಹೋಗಿದ್ದೆವು. ಈ ಸಲ ಇಂಡೆಕ್ಸ್-2 ಪ್ರಿಂಟ್ ತಗೊಂಡೇ ಹೋದೆ. ಏಳನೇ ಮಹಡಿಯದು 76.50ಕ್ಕೆ ರಿಜಿಸ್ಟರ್ ಆಗಿತ್ತು. ಹುಡುಗ ಅದನ್ನು ನೋಡಿ ಎದ್ದು ಒಳಗೆ ಹೋದ, ಸೈಟ್ ಹೆಡ್ ಬಂದರು. ಫ್ಲೋರ್ ರೈಸ್ ವ್ಯತ್ಯಾಸ ಅಂತ ಏನೇನೋ ವಿವರಿಸಿದರು. ಕೊನೆಗೆ ಬೆಲೆ 78 ಹಾಗೇ ಇಟ್ಟು, ಸ್ಟಾಂಪ್ ಡ್ಯೂಟಿಗೆ 3 ಲಕ್ಷ ಅವರು ಹಾಕುತ್ತಾರೆ ಅಂತ ಒಪ್ಪಿದ್ದಾರೆ. ಮೆಂಟೇನೆನ್ಸ್ ಒಂದು ವರ್ಷದ್ದೇ. ಕಾಕಾ ಹೇಳಿದ ಪಾಯಿಂಟ್, ನಲ್ಲಿ ಎಲ್ಲ ಸಿಕ್ಕಿತು, ಅದಕ್ಕೆ ಒಂದು ಮಾತೂ ಆಡಲಿಲ್ಲ! ಏಸಿ ಇಲ್ಲ. ನಮ್ಮವರ ಮುಖ ಸ್ವಲ್ಪ ಸಣ್ಣದಾಗಿದೆ.

ಇನ್ನೊಂದು ಪ್ರಶ್ನೆ. ಬರೀ ನನ್ನ ಹೆಸರಿಗೆ ಮಾಡಿದರೆ ಸ್ಟಾಂಪ್ ಡ್ಯೂಟಿ ಕಡಿಮೆಯಂತೆ, ಹೌದಾ? ಅಗ್ರಿಮೆಂಟ್‌ಗೆ ಮುಂಚೆ 15 ಲಕ್ಷ ಕಟ್ಟಿ ಅಂತಲೂ ಹೇಳುತ್ತಿದ್ದಾರೆ.

ಗುಮ್ಮಟದೂರಿನವ

15 ಲಕ್ಷ ಕಟ್ಟಬೇಡಿ. ಅಗ್ರಿಮೆಂಟ್ ರಿಜಿಸ್ಟರ್ ಆಗುವ ಮುಂಚೆ ಬೆಲೆಯ 10%ಕ್ಕಿಂತ ಜಾಸ್ತಿ ತಗೊಳ್ಳುವ ಹಾಗಿಲ್ಲ, ರೇರಾ 13ನೇ ಕಲಮು. ನಿಮಗೆ ಅದು 7.80 ಲಕ್ಷ. ಅಷ್ಟನ್ನೂ ಈಗಲೇ ಕೊಡಬೇಕೆಂದೂ ಇಲ್ಲ.

ಹೆಸರಿನ ವಿಷಯ ಹೌದು. ಮಹಾರಾಷ್ಟ್ರದಲ್ಲಿ ವಾಸದ ಮನೆ ಹೆಂಗಸರ ಹೆಸರಿಗೇ ಆದರೆ 1% ಕಡಿಮೆ, ನಿಮಗೆ 78,000 ಉಳಿತಾಯ. ಮೊದಲು 15 ವರ್ಷ ಗಂಡಸರಿಗೆ ಮಾರಬಾರದು ಅಂತ ಷರತ್ತಿತ್ತು, 2023ರಲ್ಲಿ ಅದನ್ನು ತೆಗೆದರು. ಆದರೆ ಗಂಡನ ಹೆಸರು ಜೊತೆಗೆ ಸೇರಿದರೆ ರಿಯಾಯಿತಿ ಇಲ್ಲ. ಲೋನಿಗೆ ಅವರು ಸಹ-ಅರ್ಜಿದಾರ ಆಗಬಹುದು, ಅದಕ್ಕೆ ಮನೆಯಲ್ಲಿ ಹೆಸರು ಬೇಕಿಲ್ಲ. ಮನೆಯಲ್ಲಿ ಹೆಸರಿಲ್ಲದಿದ್ದರೆ ಬಡ್ಡಿಯ ಮೇಲೆ ಆದಾಯ ತೆರಿಗೆ ವಿನಾಯಿತಿ ಅವರಿಗೆ ಸಿಗುವುದಿಲ್ಲ. ಅವರು ಹಳೆಯ ಟ್ಯಾಕ್ಸ್ ಪದ್ಧತಿಯಲ್ಲಿದ್ದರೆ ಸಿಎ ಹತ್ತಿರ ಲೆಕ್ಕ ಹಾಕಿಸಿ. ಹೊಸದರಲ್ಲಿದ್ದರೆ ಯೋಚನೆಯೇ ಬೇಡ, ನಿಮ್ಮ ಹೆಸರಿಗೇ ಮಾಡಿ. ಆ 78,000 ಯಾರ ಪಾಲು ಅಂತ ಮಾತ್ರ ಈಗಲೇ ಬರೆಸಿಕೊಳ್ಳಿ. ಡ್ಯೂಟಿ ಕಡಿಮೆ ಬಂತಲ್ಲ, ನಾವೂ ಕಡಿಮೆ ಹಾಕುತ್ತೇವೆ ಅನ್ನಬಹುದು. "ಸ್ಟಾಂಪ್ ಡ್ಯೂಟಿಯಲ್ಲಿ ಬಿಲ್ಡರ್ ಪಾಲು 3,00,000 ರೂಪಾಯಿ" ಅಂತ ಅಂಕಿಯಲ್ಲೇ ಇರಲಿ.

ಇನ್ನು ಟಿಡಿಎಸ್, ಅಂದರೆ ದುಡ್ಡು ಕೊಡುವಾಗಲೇ ಹಿಡಿಯುವ ತೆರಿಗೆ. ಮನೆ ಬೆಲೆ 50 ಲಕ್ಷ ಅಥವಾ ಜಾಸ್ತಿ ಆದ್ದರಿಂದ ಪ್ರತಿ ಕಂತಿನಲ್ಲೂ 1% ನೀವೇ ಹಿಡಿದು ಸರ್ಕಾರಕ್ಕೆ ಕಟ್ಟಬೇಕು. ಪಾರ್ಕಿಂಗ್, ಕ್ಲಬ್‌ಹೌಸ್, ಮೆಂಟೇನೆನ್ಸ್ ಮುಂಗಡವನ್ನು ಬೇರೆ ಚೆಕ್‌ನಲ್ಲಿ ಕೇಳಿದರೂ ಅದಕ್ಕೂ ಹಿಡಿಯಬೇಕು, 2019ರ ಸೆಪ್ಟೆಂಬರ್‌ನಿಂದ ನಿಯಮ ಹಾಗಿದೆ. ಇದು ಮೇಲಿನ ಖರ್ಚಲ್ಲ, ಅವರಿಗೆ ಕೊಡುವುದರಲ್ಲೇ ಕಳೆಯುವುದು. ಬ್ಯಾಂಕಿನವರು ಪೂರ್ತಿ ಕಂತನ್ನು ನೇರ ಬಿಲ್ಡರ್‌ಗೆ ಕಳಿಸಿಬಿಡುತ್ತಾರೆ, ಆಮೇಲೆ ಆ 1% ವಾಪಸ್ ತರುವುದು ತಲೆನೋವು. ಮೊದಲ ಕಂತಿಗೆ ಮುಂಚೆಯೇ ಲೋನ್ ಆಫೀಸರ್‌ಗೆ ಹೇಳಿಡಿ.