ಟಿಎಸ್‌ಎಚ್ 18, ಎಲ್‌ಡಿಎಲ್ 182: ಮೊದಲು ಯಾವ ಮಾತ್ರೆ?

ಪ್ರಶ್ನೆ:
58 ವರ್ಷದ ಹೆಂಗಸು, ತೂಕ 64 ಕೆ.ಜಿ. ಟಿಎಸ್‌ಎಚ್ (ಥೈರಾಯ್ಡ್ ಕಮ್ಮಿಯಾದಾಗ ಏರುವ ಹಾರ್ಮೋನ್) 18, ಫ್ರೀ ಟಿ4 (ಥೈರಾಯ್ಡ್ ಹಾರ್ಮೋನ್) ಕಮ್ಮಿ, ಟಿಪಿಒ ಆ್ಯಂಟಿಬಾಡಿ (ಥೈರಾಯ್ಡ್ ವಿರುದ್ಧ ದೇಹವೇ ತಯಾರಿಸೋದು) ಪಾಸಿಟಿವ್, ಎಲ್‌ಡಿಎಲ್ (ಕೆಟ್ಟ ಕೊಲೆಸ್ಟ್ರಾಲ್) 182, ಎಚ್‌ಎಸ್-ಸಿಆರ್‌ಪಿ (ಉರಿಯೂತದ ಅಳತೆ) 4.1. ಶುಗರ್ ಇಲ್ಲ, ಹೃದ್ರೋಗ ಇಲ್ಲ. ಥೈರಾಯ್ಡ್ ಮಾತ್ರೆ ಜೊತೆಗೇ ಸ್ಟ್ಯಾಟಿನ್ (ಕೊಲೆಸ್ಟ್ರಾಲ್ ಇಳಿಸುವ ಮಾತ್ರೆ) ಶುರು ಮಾಡಬೇಕಾ? ಸಿಆರ್‌ಪಿ ಏರಿರೋದೂ ಥೈರಾಯ್ಡ್‌ನಿಂದಲೇನಾ?

ಉತ್ತರ 1:
ಇಂಥ ರಿಪೋರ್ಟ್‌ನಲ್ಲಿ ಮೊದಲು ಥೈರಾಯ್ಡ್. ರಕ್ತದಲ್ಲಿನ ಎಲ್‌ಡಿಎಲ್ ಅನ್ನು ಹಿಡಿದು ಒಳಗೆಳೆದುಕೊಳ್ಳೋದು ಲಿವರ್‌ನ ರಿಸೆಪ್ಟರ್‌ಗಳು. ಥೈರಾಯ್ಡ್ ಹಾರ್ಮೋನ್ ಕಮ್ಮಿಯಾದರೆ ಅವೂ ಕಮ್ಮಿ, ಕೊಲೆಸ್ಟ್ರಾಲ್ ರಕ್ತದಲ್ಲೇ ಉಳಿಯುತ್ತೆ. ಎಣ್ಣೆ ಬಿಟ್ಟರೂ ಇಳಿಯಲ್ಲ ಅಂತ ಗೊಣಗೋರಲ್ಲಿ ಕೆಲವರ ಕಥೆ ಇದೇ. ಟಿಎಸ್‌ಎಚ್ ಸರಿಹೋದ ಮೇಲೆ ಲಿಪಿಡ್ ಮತ್ತೆ ನೋಡಿ, ಆಗಲೂ ಹೆಚ್ಚಿದ್ದರೆ ಸ್ಟ್ಯಾಟಿನ್. ಥೈರಾಯ್ಡ್ ಕಮ್ಮಿ ಇರುವಾಗಲೇ ಕೊಟ್ಟರೆ ಮಾಂಸಖಂಡದ ನೋವು, ಸಿಕೆ (ಮಾಂಸಖಂಡಕ್ಕೆ ಪೆಟ್ಟಾದಾಗ ರಕ್ತದಲ್ಲಿ ಹೆಚ್ಚುವ ಕಿಣ್ವ) ಏರಿಕೆಯ ಅಪಾಯ ಜಾಸ್ತಿ. ಹಾರ್ಟ್ ಅಟ್ಯಾಕ್ ಆದವರು, ಸ್ಟೆಂಟ್ ಇರೋರು ಇದನ್ನ ಓದಿ ಸ್ಟ್ಯಾಟಿನ್ ನಿಲ್ಲಿಸಬೇಡಿ, ಅವರ ಲೆಕ್ಕ ಬೇರೆ.

ಉತ್ತರ 2:
ಸಿಆರ್‌ಪಿ 3 ದಾಟಿದರೆ ಹೃದಯದ ಅಪಾಯ ಹೆಚ್ಚು ಅಂತ ಎಣಿಸ್ತಾರೆ. ಆದರೆ ಹೊಟ್ಟೆಯ ಬೊಜ್ಜು, ವಸಡಿನ ಸೋಂಕು, ಮೊನ್ನೆ ಬಂದ ನೆಗಡಿ, ಯಾವುದರಿಂದಲಾದರೂ ಏರಬಹುದು. ಎರಡು ವಾರ ಬಿಟ್ಟು ಇನ್ನೊಮ್ಮೆ ಮಾಡಿಸಿ. ಟಿಪಿಒ ಪಾಸಿಟಿವ್ ಅಂದರೆ ಹಾಶಿಮೊಟೊ, ದೇಹದ ರಕ್ಷಣಾ ವ್ಯವಸ್ಥೆಯೇ ಗ್ರಂಥಿಯ ಮೇಲೆ ಬಿದ್ದಿದೆ. ಮಾತ್ರೆ ಹಾರ್ಮೋನ್ ತುಂಬಿಕೊಡುತ್ತೆ, ಆ ದಾಳಿ ನಿಲ್ಲಿಸಲ್ಲ. ಹಾಗಾಗಿ ಟಿಪಿಒ ಪದೇ ಪದೇ ಮಾಡಿಸೋದು ದುಡ್ಡು ದಂಡ. ಅದರ ಬದಲು ಬಿಪಿಯ ಕೆಳಗಿನ ಅಂಕಿ ನೋಡಿ. ಥೈರಾಯ್ಡ್ ಕಮ್ಮಿಯಾದಾಗ ರಕ್ತನಾಳ ಬಿಗಿಯಾಗಿ ಏರೋದು ಅದೇ.

ಉತ್ತರ 3:
ಥೈರಾಯ್ಡ್ ಮಾತ್ರೆಯ (ಲೆವೊಥೈರಾಕ್ಸಿನ್) ಡೋಸ್: ಪೂರ್ತಿ ಲೆಕ್ಕ ಕೆ.ಜಿ.ಗೆ 1.6 ಮೈಕ್ರೋಗ್ರಾಂ, ಅಂದರೆ ಇಲ್ಲಿ ಸುಮಾರು 100. ಈ ವಯಸ್ಸಿಗೆ ಡಾಕ್ಟರು 50ರಿಂದ ಶುರು ಮಾಡಿದರೂ ತಪ್ಪಿಲ್ಲ. ಎದೆನೋವು ಇದ್ದವರಿಗೆ 12.5 ಅಥವಾ 25. ಒಮ್ಮೆಲೇ ಏರಿಸಿದರೆ ಹೃದಯ ಬೇಡುವ ಆಮ್ಲಜನಕ ಹೆಚ್ಚುತ್ತೆ, ಕಿರಿದಾದ ರಕ್ತನಾಳ ಅಷ್ಟು ಒದಗಿಸಲ್ಲ. ಅತಿಯಾಗಿ ಟಿಎಸ್‌ಎಚ್ 0.1ಕ್ಕಿಂತ ಕೆಳಗಿಳಿದರೆ ಹೃದಯಬಡಿತದ ತಾಳ ತಪ್ಪಬಹುದು.

ಬೆಳಗ್ಗೆ ಬರೀ ನೀರಲ್ಲಿ ನುಂಗಿ, ಫಿಲ್ಟರ್ ಕಾಫಿ ಒಂದು ಗಂಟೆ ಆದಮೇಲೆ. ಟಿಎಸ್‌ಎಚ್ 6ರಿಂದ 8 ವಾರಕ್ಕೆ ನೋಡಿಸಿ, ಅದಕ್ಕೆ ಮೊದಲು ಅಂಕಿ ಸ್ಥಿರ ಆಗಿರಲ್ಲ. ಕೂದಲಿಗೆ ಅಂತ ಬಯೋಟಿನ್ ತಿನ್ನುತ್ತಿದ್ದರೆ ಟೆಸ್ಟ್‌ಗೆ ಕನಿಷ್ಠ ಎರಡು ದಿನ ಮುಂಚೆ ನಿಲ್ಲಿಸಿ, ಇಲ್ಲಾಂದ್ರೆ ರಿಪೋರ್ಟೇ ಸುಳ್ಳು ಹೇಳುತ್ತೆ.

ಪ್ರಶ್ನೆ ಕೇಳಿದವರು:
ಕ್ಯಾಲ್ಸಿಯಂ ಮಾತ್ರೆ ತಿಂಡಿ ಆದಮೇಲೆ ನಡೀತಿದೆ.

ಉತ್ತರ 3:
ಅದನ್ನ ರಾತ್ರಿ ಊಟಕ್ಕೆ ಹಾಕಿ. ಕ್ಯಾಲ್ಸಿಯಂ, ಕಬ್ಬಿಣ ಎರಡಕ್ಕೂ ಥೈರಾಯ್ಡ್ ಮಾತ್ರೆಯಿಂದ ನಾಲ್ಕು ಗಂಟೆ ಅಂತರ ಬೇಕು. ಥೈರಾಯ್ಡ್ ಮಾತ್ರೆ ಅದರದೇ ಬಾಟಲಿಯಲ್ಲಿರಲಿ, ಒಲೆ ಪಕ್ಕದ ಡಬ್ಬಿಗೆ ಸುರಿಯಬೇಡಿ, ಬಿಸಿ-ತೇವಕ್ಕೆ ಸತ್ವ ಹೋಗುತ್ತೆ.